ಮಳೆನೀರು ಕುಡಿದ ಬ್ಯಾಟರಿ

ಬ್ಯಾಟರಿಗೂ ಒಂದು ವಾಸನೆ ಇದೆ ಎಂದರೆ ನಮ್ಮ ಮನೆಯವರು ನಗುತ್ತಾರೆ. ಇದೆ. ಚಾರ್ಜ್ ಆಗುತ್ತಿರುವ ದೊಡ್ಡ ಬ್ಯಾಟರಿಯ ಹತ್ತಿರ ಹೋದರೆ ಮೂಗಿನೊಳಗೆ ಸಣ್ಣಗೆ ಚುಚ್ಚುವ ಹುಳಿ ವಾಸನೆ ಬರುತ್ತದೆ. ಅದಕ್ಕೆ ಒದ್ದೆ ಗೋಡೆಯ ವಾಸನೆಯೂ ಫಿನಾಯಿಲ್ ವಾಸನೆಯೂ ಸೇರಿದರೆ, ನಾನು ಎಲ್ಲೇ ಇರಲಿ, ಹುದಿಕೇರಿಯಿಂದ ಒಳಕ್ಕೆ ಹೋದರೆ ಸಿಗುವ ಆ ಸಣ್ಣ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತುಬಿಡುತ್ತೇನೆ. ಈ ಜೂನ್‌ನಲ್ಲಿ ಒಂದು ತರಬೇತಿಯ ನೆಪದಲ್ಲಿ ಅಲ್ಲಿಗೆ ನಿಜವಾಗಿಯೂ ಹೋಗಬೇಕಾಯಿತು. ಜೀಪಿನಿಂದ ಇಳಿದಾಗ ಮಳೆ ಹೊಡೆಯುತ್ತಿತ್ತು. ಸೂರಿನ ಕೆಳಗೆ ಯಾರೋ ಇಟ್ಟಿದ್ದ ಸ್ಟೀಲ್ ಪಾತ್ರೆಗೆ ನೀರು ಟಪಟಪ ಬೀಳುತ್ತಿತ್ತು. ಕೊಡೆ ಮಡಚುತ್ತ ಒಳಗೆ ಕಾಲಿಟ್ಟೆ, ಅದೇ ವಾಸನೆ. ಚಂದ್ರನ ಮೇಲೆ ನಮ್ಮ ನೌಕೆ ಇಳಿದ ವರ್ಷದ ಆ ಮಳೆಗಾಲ ಪೂರ್ತಿ ನೆನಪಾಯಿತು.

ಆಗ ನಾನು ಅಲ್ಲಿ ಸ್ಟಾಫ್ ನರ್ಸು. ಊರಿಗೆಲ್ಲ ಸಿಸ್ಟರ್. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಬೇಸಾಯಗಾರರು. ಭತ್ತ, ಶುಂಠಿ ಬೆಳೆಯುವವರು. ನನ್ನ ಮಾತು ಸ್ವಲ್ಪ ಒರಟು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು, ಅದು ಸುಳ್ಳಲ್ಲ. ದಕ್ಷಿಣ ಕೊಡಗಿಗೆ ವರ್ಗವಾದಾಗ ಅಳುತ್ತ ಬಂದವಳು ಆರು ವರ್ಷ ಅಲ್ಲೇ ಉಳಿದೆ. ಡಾಕ್ಟರು ಒಬ್ಬರೇ, ಅವರಿಗೆ ಎರಡು ಆಸ್ಪತ್ರೆ. ವಾರದಲ್ಲಿ ಮೂರು ದಿನ ನಮ್ಮಲ್ಲಿ, ಮೂರು ದಿನ ಆಚೆ. ಲ್ಯಾಬಿನ ಬಾಗಿಲಿಗೆ ಬೀಗ. ಉಳಿದವರು ನಾನು ಮತ್ತು ಆಯಾ ಲೀಲಕ್ಕ. ಲೀಲಕ್ಕನ ಮನೆ ಮಾತು ಮಲಯಾಳಂ, ಎಸ್ಟೇಟಿನ ಕೂಲಿ ಲೈನಿನವರ ಜೊತೆ ತಮಿಳು, ನನ್ನ ಜೊತೆ ಕನ್ನಡ, ಕೋಪ ಬಂದರೆ ಮೂರೂ ಒಟ್ಟಿಗೆ.

ಕೊರೊನಾ ಮುಗಿದ ಮೇಲೆ ನಮಗೆ ಆಮ್ಲಜನಕ ತಯಾರಿಸುವ ಯಂತ್ರ ಒಂದು ಬಂದಿತ್ತು. ಅದು ಬಂದದ್ದೇ ನೆಪವಾಗಿ ಸಿಲಿಂಡರ್‌ಗಳನ್ನು ವಾಪಸ್ ತೆಗೆದುಕೊಂಡು ಹೋದರು. ಯಂತ್ರ ಚೆನ್ನಾಗಿಯೇ ಇತ್ತು. ಆದರೆ ಕರೆಂಟಿಲ್ಲದಿದ್ದರೆ ಅದು ಬರೀ ಪೆಟ್ಟಿಗೆ. ನಮ್ಮ ಕಡೆ ಮಳೆಗಾಲದ ಕರೆಂಟು ಎಂದರೆ ನೆಂಟರ ಹಾಗೆ, ಬಂದರೆ ಸಂತೋಷ, ಬರದಿದ್ದರೆ ಬೇಜಾರಿಲ್ಲ. ಅದಕ್ಕಾಗಿ ಇನ್ವರ್ಟರ್ ಒಂದಿತ್ತು. ಅದರ ಕೆಳಗೆ ಮರದ ಪೆಟ್ಟಿಗೆಯೊಳಗೆ ಒಂದೇ ಒಂದು ಬ್ಯಾಟರಿ.

ಆ ಬ್ಯಾಟರಿಯ ಮೇಲೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಕ್ಕಿದ್ದವರು ಬೆಳ್ಯಪ್ಪನವರು. ಕಾಫಿ ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತರಾದವರು, ಅರೆಭಾಷೆಯ ಗೌಡರು. ಆಸ್ಪತ್ರೆಯಿಂದ ಮೇಲಿನ ದಿಬ್ಬದಲ್ಲಿ ಮನೆ. ಕಾಫಿ ಒಣಗಿಸುವ ಕಣದ ಧೂಳು, ಬೀಡಿ, ವಯಸ್ಸು, ಮೂರೂ ಸೇರಿ ಅವರ ಎದೆ ಹಾಳಾಗಿತ್ತು. ಮಳೆಗಾಲ ಶುರುವಾದರೆ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಬಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಔಷಧಿಯ ಹಬೆ ಎಳೆದುಕೊಂಡು ಹೋಗುವುದು ಅವರ ದಿನಚರಿ. ಬರುವಾಗ ಕಂಕುಳಲ್ಲಿ ಪೇಪರ್. ಮಾಸ್ಕ್ ತೆಗೆದ ಕೂಡಲೇ ನನಗೆ ಓದಿ ಹೇಳಬೇಕು.

ಆ ವರ್ಷ ಮಳೆ ತಡವಾಗಿ ಬಂತು. ಬಂದದ್ದು ಜುಲೈಯಲ್ಲಿ, ಸೇಡು ತೀರಿಸಿಕೊಳ್ಳುವವರ ಹಾಗೆ. ತಿಂಗಳ ನಡುವೆ, ಕೊಡಗಿನ ಕಕ್ಕಡ ತಿಂಗಳು ಶುರುವಾಗುವ ಹೊತ್ತಿಗೆ, ರಸ್ತೆಯ ಮೇಲೆಲ್ಲ ಸಿಲ್ವರ್ ಓಕಿನ ಕೊಂಬೆಗಳು. ಕರೆಂಟು ಒಂದು ಗಂಟೆ ಬಂದರೆ ಒಂದು ದಿನ ಇಲ್ಲ. ಕರೆಂಟು ಹೋದರೆ ಅರ್ಧ ದಿನದಲ್ಲಿ ಮೊಬೈಲ್ ಟವರೂ ಸಾಯುತ್ತಿತ್ತು. ಚಂದ್ರನೌಕೆ ಹಾರಿದ ಸುದ್ದಿಯನ್ನು ಬೆಳ್ಯಪ್ಪನವರು ನನಗೆ ಓದಿ ಹೇಳಿದ್ದು ಅದೇ ದಿನಗಳಲ್ಲಿ. ನಾನು ಆಗ ಒಂದೇ ಜೋಡಿ ಗ್ಲೌಸ್ ಉಳಿದಿದೆ ಎಂದು ಲೀಲಕ್ಕನ ಮೇಲೆ ರೇಗುತ್ತಿದ್ದೆ.

"ನೋಡಿ ಸಿಸ್ಟರ್, ಹಾರಿತು! ಎಂತ ಚೆಂದ ಫೋಟೊ ಹಾಕಿದ್ದಾರೆ," ಎಂದರು.

"ಹಾರ್ಲಿ ಬಿಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಇಲ್ಲಿ ಗಾಯಕ್ಕೆ ಕಟ್ಟೋ ಬಟ್ಟೆ ಇಲ್ಲ, ಇವರಿಗೆ ಚಂದ್ರ ಬೇಕಂತೆ," ಅಂದೆ.

"ಅದು ಅಂಥ ದೊಡ್ಡ ಖರ್ಚಲ್ಲವಂತೆ ಮಾರಾಯ್ತಿ. ಪೇಪರಲ್ಲಿ ಹಾಕಿದ್ದಾರೆ."

"ಹಂಗಾದ್ರೆ ನಮ್ಮ ಬ್ಯಾಟರಿ ಅದಕ್ಕಿಂತ ದೊಡ್ಡ ಖರ್ಚಾ? ಎರಡನೇ ಬ್ಯಾಟರಿ ಕೊಡಿ ಅಂತ ಮೂರು ಸಲ ಬರೆದೆ. ಅನುದಾನ ಇಲ್ಲ ಅಂತ ಮೂರು ಸಲ ಬಂತು."

ಅವರು ಸುಮ್ಮನಾಗುವ ಆಸಾಮಿಯಲ್ಲ. "ಬೆಟ್ಟ ಕುಸಿದ ವರ್ಷ ನೆನಪುಂಟಲ್ಲ? ಈಗ ಮಳೆ ಬರುವ ಮೊದಲೇ ಮೊಬೈಲಿಗೆ ಮೆಸೇಜ್ ಬರ್ತದೆ. ಅದು ಎಲ್ಲಿಂದ ಬರ್ತದೆ? ಆಕಾಶದಲ್ಲಿ ಕೂತವರು ನೋಡಿ ಹೇಳುದಲ್ವಾ?"

"ಮೆಸೇಜ್ ಬರುತ್ತೆ ರೈಟರೇ. ಅದರ ಹಿಂದೆ ಆಂಬುಲೆನ್ಸ್ ಬರಲ್ಲ."

ಹೀಗೆ ದಿನಾ. ಅವರಿಗೆ ಉಸಿರು ಸಾಕಾಗುವವರೆಗೆ ವಾದ, ಆಮೇಲೆ ಕೆಮ್ಮು, ಆಮೇಲೆ ನಾನು ಬೆನ್ನು ತಟ್ಟುವುದು. "ನನ್ನ ಎದೆಗೆ ಮಿಷನ್ ಬೇಕು ಸಿಸ್ಟರ್. ಆದರೆ ದಿನಾ ಈ ಎದೆ ಒಂದನ್ನೇ ಯೋಚನೆ ಮಾಡ್ತಾ ಕೂತರೆ ಹುಚ್ಚು ಹಿಡೀತದೆ," ಎಂದು ಒಂದು ದಿನ ಹೇಳಿದರು. ಬೀಡಿ ಬಿಟ್ಟಿದ್ದೀರಾ ಇಲ್ಲವಾ ಎಂದು ಕೇಳಿ ಬಾಯಿ ಮುಚ್ಚಿಸಿದೆ.

ಕರೆಂಟು ಹೀಗೆ ಬಂದು ಹೋಗಿ ಮಾಡಿದರೆ ಬ್ಯಾಟರಿಯೊಳಗಿನ ನೀರು ಬೇಗ ಇಳಿಯುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಜುಲೈ ಕೊನೆಗೆ ನಮ್ಮ ಕ್ಯಾನ್ ಮುಗಿಯಿತು. ಸ್ಟೋರಿಗೆ ಫೋನ್ ಮಾಡಿದೆ. "ಸ್ಟಾಕ್ ಇಲ್ಲ ಸಿಸ್ಟರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದರು. ಈ ಮಾತು ನನಗೆ ಹೊಸದಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸರ್ಕಾರ ನನಗೆ ಕೊಟ್ಟ ಮೊದಲ ತರಬೇತಿಯೂ ಕೊನೆಯ ತರಬೇತಿಯೂ ಅದೇ. ಹತ್ತಿ ಇಲ್ಲವಾ, ಹಳೇ ಸೀರೆ ಕುದಿಸಿ ಅಡ್ಜಸ್ಟ್ ಮಾಡು. ಡಾಕ್ಟರು ಇಲ್ಲವಾ, ಫೋನಿನಲ್ಲಿ ಕೇಳಿ ಅಡ್ಜಸ್ಟ್ ಮಾಡು. ಮಾಡಿ ಮಾಡಿ ನಾನು ಅದರಲ್ಲಿ ಪಳಗಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಇತ್ತು. ಏನೂ ಇಲ್ಲದೆ ಎಲ್ಲ ನಡೆಸುತ್ತಾಳೆ ಈ ಸಿಸ್ಟರ್ ಎಂದು ಜನ ಹೇಳಿದರೆ ಖುಷಿಯಾಗುತ್ತಿತ್ತು.

ಆ ದಿನವೂ ಹೊರಗೆ ನೋಡಿದೆ. ಸೂರಿನ ಝಿಂಕ್ ಶೀಟಿನಿಂದ ಬೊಗಸೆ ದಪ್ಪ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಡಿಸ್ಟಿಲ್ಡ್ ವಾಟರ್ ಎಂದರೇನು? ನೀರಿನ ಹಬೆ ತಣ್ಣಗಾಗಿ ಇಳಿದದ್ದು. ಮಳೆಯೂ ಅದೇ ಅಲ್ಲವೇ? ಓದಿದವಳ ಬುದ್ಧಿ ನೋಡಿ! ಹೆರಿಗೆ ಕೋಣೆಯ ಸ್ಟೀಲ್ ಪಾತ್ರೆ ತಂದು ಸೂರಿನ ಕೆಳಗೆ ಇಟ್ಟೆ. ಕೊಡಗಿನಲ್ಲಿ ಇದ್ದುಕೊಂಡು ನೀರು ಕೊಡಿ ಎಂದು ಸ್ಟೋರಿಗೆ ಇಂಡೆಂಟ್ ಹಾಕುವುದು ನಗೆಪಾಟಲು ಎಂದು ಲೀಲಕ್ಕನಿಗೆ ಹೇಳಿದ್ದೂ ನೆನಪಿದೆ. ಅವಳು, "ಅದೇ ಸಿಸ್ಟರೇ, ಆಕಾಶದ ನೀರಿಗಿಂತ ಶುದ್ಧ ಎಂತ ಉಂಟು?" ಎಂದಳು. ಬ್ಯಾಟರಿಯ ಆರೂ ಬಾಯಿಗಳಿಗೆ ತುಂಬಿಸಿ, ಮುಚ್ಚಳ ತಿರುಗಿಸಿ, ಕೈ ತೊಳೆದುಕೊಂಡೆ. ಕೆಲಸ ಆಯಿತು ಎನ್ನುವ ತೃಪ್ತಿಯಿಂದ ಊಟಕ್ಕೆ ಹೋದೆ.

ಆಗಸ್ಟ್ ಬಂತು, ಮಳೆ ನಿಂತೇ ಹೋಯಿತು. ಕಾಫಿಯವರು ಆಕಾಶ ನೋಡಿ ತಲೆ ಕೆಡಿಸಿಕೊಂಡರು. ಬೆಳಿಗ್ಗೆ ಮಂಜು, ಹಗಲು ಬಿಸಿಲು, ಕರೆಂಟೂ ನೆಟ್ಟಗೆ. ಬ್ಯಾಟರಿಯ ನೆನಪೇ ಬರಲಿಲ್ಲ. ಬೆಳ್ಯಪ್ಪನವರ ಬಾಯಲ್ಲಿ ಬರೀ ಚಂದ್ರ. ನೌಕೆ ಎಲ್ಲಿಗೆ ಬಂತು, ಎಷ್ಟು ಸುತ್ತು ಹೊಡೆಯಿತು, ಯಾವ ದಿನ ಸಂಜೆ ಇಳಿಯುತ್ತದೆ. ಶಾಲೆಯ ಹೆಡ್‌ಮಾಸ್ಟರಿಗೂ ಅದೇ ಹುಚ್ಚು. ಮಕ್ಕಳಿಗೆ ಟಿವಿಯಲ್ಲಿ ನೇರವಾಗಿ ತೋರಿಸುವುದೆಂದು ತೀರ್ಮಾನವಾಯಿತು. ಮೂವತ್ತೆರಡು ಮಕ್ಕಳು, ಹೆಚ್ಚಿನವರು ಎಸ್ಟೇಟ್ ಲೈನಿನವರು. ಒಂದು ವಾರ ಮೊದಲೇ ರಟ್ಟಿನಲ್ಲಿ ನೌಕೆ ಮಾಡಿ, ಬೆಳ್ಳಿ ಕಾಗದ ಅಂಟಿಸಿ ನಮಗೂ ತೋರಿಸಿ ಹೋಗಿದ್ದರು.

ಇಳಿಯುವ ದಿನ ಬೆಳಿಗ್ಗೆ ಎಂಟು ಗಂಟೆಗೆ ಆನೆಯೊಂದು ತೋಟದ ಬೈನೆ ಮರವನ್ನು ತಿನ್ನಲೆಂದು ದೂಡಿತು. ಮರ ಬಿದ್ದದ್ದು ನೇರ ಕರೆಂಟಿನ ಲೈನಿನ ಮೇಲೆ. ಎರಡು ಕಂಬ ಮುರಿದವು. ಲೈನ್‌ಮ್ಯಾನ್ ಬಂದು ನೋಡಿ, "ನಾಳೆ ಮಾತಾಡುವ," ಎಂದು ಹೋದ. ಮಧ್ಯಾಹ್ನಕ್ಕೆ ಟವರೂ ಹೋಯಿತು.

ಹೆಡ್‌ಮಾಸ್ಟರು ಮುಖ ಸಣ್ಣದು ಮಾಡಿಕೊಂಡು ಬಂದರು, ಜೊತೆಗೆ ಬೆಳ್ಯಪ್ಪನವರು. ಕೇಳುವ ಮೊದಲೇ ನನಗೆ ಗೊತ್ತಾಯಿತು. "ಬ್ಯಾಟರಿ ಕೊಡಲ್ಲ. ಇದು ಆಸ್ಪತ್ರೆ, ಟೂರಿಂಗ್ ಟಾಕೀಸಲ್ಲ," ಅಂದೆ.

"ಕೊಡುದು ಬೇಡ ಸಿಸ್ಟರ್. ನನ್ನ ಟಿವಿಯನ್ನೇ ಇಲ್ಲಿಗೆ ತರ್ತೇನೆ, ಡಿಶ್ ಸಮೇತ. ಮಕ್ಕಳು ಇಲ್ಲೇ ಹಾಲಲ್ಲಿ ಕೂತು ನೋಡ್ತಾರೆ. ಬ್ಯಾಟರಿ ನಿಮ್ಮ ಕಣ್ಣೆದುರೇ ಇರ್ತದೆ," ಎಂದರು ಬೆಳ್ಯಪ್ಪನವರು.

ಲೆಕ್ಕ ಹಾಕಿದೆ. ಬೆಳಿಗ್ಗೆಯಿಂದ ಎಲ್ಲ ಸ್ವಿಚ್ ಆರಿಸಿ ಬ್ಯಾಟರಿಯನ್ನು ಕಾದಿಟ್ಟಿದ್ದೆ. ಲಸಿಕೆಯ ಫ್ರಿಜ್‌ಗೆ ನಾಳೆಯವರೆಗೆ ತಂಪು ಇದೆ. ಸಣ್ಣ ಟಿವಿ ಒಂದೂವರೆ ಗಂಟೆ ಓಡಿದರೆ ಏನೂ ಆಗುವುದಿಲ್ಲ. "ಆಯ್ತು. ಆದರೆ ಒಂದು ಮಾತು. ಪೇಷಂಟ್ ಯಾರೇ ಬಂದರೂ ಟಿವಿ ಬಂದ್. ಆಮೇಲೆ ಗೋಗರೆಯಬಾರದು," ಎಂದೆ.

"ಯಾರೇ ಬರಲಿ ಸಿಸ್ಟರ್, ನಾನೇ ಬಂದ್ ಮಾಡ್ತೇನೆ," ಎಂದರು ಅವರು.

ಟಿವಿಯನ್ನು ಹೆಡ್‌ಮಾಸ್ಟರು ತಂದರು. ಡಿಶ್ಶನ್ನು ಮಾತ್ರ ಬೆಳ್ಯಪ್ಪನವರು ಯಾರಿಗೂ ಮುಟ್ಟಲು ಬಿಡಲಿಲ್ಲ. ಕಂಬ ಸಮೇತ ಅದನ್ನು ಹೆಗಲ ಮೇಲಿಟ್ಟುಕೊಂಡು ದಿಬ್ಬ ಇಳಿದು ಬಂದರು. ಅವರ ಹೆಂಡತಿ ದೇವಕಿಯಮ್ಮ ಹಿಂದಿನಿಂದ ಬೈಯುತ್ತಲೇ ಬರುತ್ತಿದ್ದರು. "ನಂಗೆ ಎಂತ ಇಲ್ಲೆ," ಎಂದು ಬೆಳ್ಯಪ್ಪನವರು ಅರೆಭಾಷೆಯಲ್ಲಿ ಹೆಂಡತಿಗೆ ಗದರಿದರು. ತನಗೇನೂ ಆಗಿಲ್ಲ ಎಂದು! ತುಟಿ ಆಗಲೇ ನೀಲಿಯಾಗಿತ್ತು. ನಾನು ನೋಡಿದೆ. ಕೂರಿಸಿ ಮಾಸ್ಕ್ ಹಾಕಲು ಹೋದರೆ, "ಮಕ್ಕಳು ಬರಲಿ, ಮೊದಲು ಚಿತ್ರ ಹಿಡೀಲಿ," ಎಂದು ಅಂಗಳಕ್ಕೆ ಹೋಗಿ ಡಿಶ್ ತಿರುಗಿಸುತ್ತ ನಿಂತರು. ಗಟ್ಟಿಯಾಗಿ ಹಿಡಿದು ಕೂರಿಸಬೇಕಿತ್ತು. ಕೂರಿಸಲಿಲ್ಲ.

ಐದೂವರೆಗೆ ಹಾಲು ತುಂಬಿತು. ಹೊರರೋಗಿಗಳ ಬೆಂಚುಗಳ ಮೇಲೆ ದೊಡ್ಡವರು, ನೆಲದ ಮೇಲೆ ಮಕ್ಕಳು. ಮುಂದಿನ ಸಾಲಿನ ಹುಡುಗಿಯೊಬ್ಬಳ ತೊಡೆಯ ಮೇಲೆ ರಟ್ಟಿನ ನೌಕೆ. ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಜಾರಿ ಬರುವ ಒಂದು ಚುಕ್ಕಿ, ಪಕ್ಕದಲ್ಲಿ ಇಳಿಯುತ್ತ ಹೋಗುವ ಅಂಕಿಗಳು. ಹೆಡ್‌ಮಾಸ್ಟರು ಅರ್ಥ ಹೇಳುತ್ತಿದ್ದರು. ಹೋದ ಸಲ ಕೊನೆಯ ಗಳಿಗೆಯಲ್ಲಿ ಬಿದ್ದುಹೋದದ್ದನ್ನೂ ಹೇಳಿದರು. ನಾನು ಬಾಗಿಲಿಗೆ ಒರಗಿ, ನನಗೇನೂ ಆಸಕ್ತಿ ಇಲ್ಲ ಎನ್ನುವ ಹಾಗೆ ಕೈಕಟ್ಟಿ ನಿಂತಿದ್ದೆ. ಒಳಗೊಳಗೆ ನನಗೂ ನೋಡಬೇಕಿತ್ತು. ಬಹಳ ನೋಡಬೇಕಿತ್ತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆರು ಗಂಟೆಗೆ ಸ್ವಲ್ಪ ಮೊದಲು ದೇವಕಿಯಮ್ಮ ಕೂಗಿದರು. ಬೆಳ್ಯಪ್ಪನವರು ಬೆಂಚಿನ ಅಂಚು ಹಿಡಿದು ಮುಂದಕ್ಕೆ ಬಾಗಿದ್ದರು. ಹೆಗಲುಗಳು ಮೇಲೆ ಕೆಳಗೆ ಆಗುತ್ತಿದ್ದವು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಎಷ್ಟೋ ಸಲ ನೋಡಿದ್ದೇನೆ, ಆದರೆ ಇಷ್ಟು ಕೆಟ್ಟದ್ದನ್ನು ನೋಡಿರಲಿಲ್ಲ. ಲೀಲಕ್ಕ ಎಸ್ಟೇಟಿನ ಜೀಪಿಗೆ ಹೇಳಿ ಕಳಿಸಿದಳು. ನಾನು ಇಂಜೆಕ್ಷನ್ ಕೊಟ್ಟು, ಆಮ್ಲಜನಕದ ಯಂತ್ರವನ್ನೂ ಹಬೆಯ ಯಂತ್ರವನ್ನೂ ಅಲ್ಲೇ ಹಾಲಿಗೆ ಎಳೆದು ಸ್ವಿಚ್ ಹಾಕಿದೆ. ಹಾಕಿದ್ದೇ ತಡ, ಇನ್ವರ್ಟರ್ ಕಿರುಚಲು ಶುರುಮಾಡಿತು. ಬ್ಯಾಟರಿ ಮುಗಿಯುತ್ತ ಬಂತು ಎನ್ನುವ ಕೂಗು ಅದು. ಅರ್ಧ ಗಂಟೆಯೂ ಟಿವಿ ಓಡಿಲ್ಲ! ನನಗೆ ನಂಬಲಾಗಲಿಲ್ಲ.

ಪರದೆಯಲ್ಲಿ ಚುಕ್ಕಿ ಗೆರೆಯ ತುದಿಗೆ ಬಂದಿತ್ತು. ಇನ್ನು ಕೆಲವೇ ನೂರು ಮೀಟರ್ ಎಂದು ಹೇಳುತ್ತಿದ್ದರು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಟಿವಿಯ ಪ್ಲಗ್ಗಿನ ಕಡೆ ಹೋದದ್ದನ್ನು ಬೆಳ್ಯಪ್ಪನವರು ನೋಡಿದರು. ಮಾತಾಡಲು ಆಗದೆ ಕೈ ಎತ್ತಿ ಆಡಿಸಿದರು. ಬೇಡ, ಬೇಡ. ಬೆರಳು ಮಕ್ಕಳ ಕಡೆ, ಆಮೇಲೆ ಟಿವಿಯ ಕಡೆ. ಆ ಕೈಯನ್ನು ನಾನು ನೋಡಿದೆ. ನೋಡಿಯೂ ಪ್ಲಗ್ ಕಿತ್ತೆ.

ಪರದೆ ಕಪ್ಪಾಯಿತು. ಲೈಟನ್ನೂ ಆರಿಸಿದೆ. ಮೂವತ್ತೆರಡು ಮಕ್ಕಳಲ್ಲಿ ಒಂದೂ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಅದು ನನಗೆ ಹೆಚ್ಚು ಹಿಂಸೆಯಾಯಿತು. ಮಬ್ಬು ಬೆಳಕಿನಲ್ಲಿ ಎರಡು ಯಂತ್ರಗಳ ಗುರ್ ಗುರ್, ಅವರ ಎದೆಯ ಸೀಟಿ. ಸ್ವಲ್ಪ ಹೊತ್ತಾದ ಮೇಲೆ ರಟ್ಟಿನ ನೌಕೆಯ ಹುಡುಗಿ ಮೆಲ್ಲಗೆ ಕೇಳಿದಳು. "ಇಳೀತಾ ಸಿಸ್ಟರ್?"

"ಗೊತ್ತಿಲ್ಲ ಮರಿ," ಅಂದೆ.

ಹನ್ನೆರಡು ನಿಮಿಷ ಓಡಿ ಯಂತ್ರಗಳೂ ನಿಂತವು. ಅಷ್ಟರಲ್ಲಿ ಇಂಜೆಕ್ಷನ್ ಹಿಡಿದಿತ್ತು. ತುಟಿಗೆ ಬಣ್ಣ ಬಂತು. ಆ ಹನ್ನೆರಡು ನಿಮಿಷ ಇರದಿದ್ದರೆ ಅವರು ಉಳಿಯುತ್ತಿರಲಿಲ್ಲ; ಇದನ್ನು ನರ್ಸಾಗಿ ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ. ಜೀಪು ಅಂಗಳಕ್ಕೆ ಬಂದದ್ದೇ ಹಾರನ್ ಹೊಡೆಯುತ್ತ. ಡ್ರೈವರ್ ಇಳಿಯುವ ಮೊದಲೇ ಕೂಗಿದ, "ಇಳೀತಂತೆ! ರೇಡಿಯೋದಲ್ಲಿ ಹೇಳಿದ್ರು, ಇಳೀತು!" ಮಕ್ಕಳು ಅಂಗಳಕ್ಕೆ ಓಡಿ ಕುಣಿದರು. ಬೆಳ್ಯಪ್ಪನವರನ್ನು ಜೀಪಿಗೆ ಹತ್ತಿಸುವಾಗ ಅವರ ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು. ಸಂತೋಷಕ್ಕೆ ಎಂದು ಡ್ರೈವರ್ ತಿಳಿದ. ಅಲ್ಲ ಎಂದು ನನಗೆ ಗೊತ್ತಿತ್ತು.

ವಿರಾಜಪೇಟೆಯ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದರು. ಬಂದವರು ನನ್ನ ಹತ್ತಿರ ಮಾತೇ ಆಡಲಿಲ್ಲ. ಮಾಸ್ಕ್ ಹಾಕಿಕೊಳ್ಳುವುದು, ಎಳೆದುಕೊಳ್ಳುವುದು, ಎದ್ದು ಹೋಗುವುದು. ಪೇಪರ್ ಇಲ್ಲ, ವಾದ ಇಲ್ಲ. ನನಗೂ ಸಿಟ್ಟು ಬಂತು. ನಾಲ್ಕನೇ ದಿನ ತಡೆಯಲಾರದೆ ಕೇಳಿದೆ. "ಏನ್ ರೈಟರೇ, ಜೀವ ಉಳಿಸಿದ್ದು ತಪ್ಪಾಯ್ತಾ?"

"ಮೊಬೈಲಲ್ಲಿ ನೂರು ಸಲ ನೋಡಿದೆ," ಎಂದರು. "ಇಳಿದ ಮೇಲೆ ನೋಡುದು ಹಳೇ ಪೇಪರ್ ಓದಿದ ಹಾಗೆ. ಆ ಮಕ್ಕಳು ನನ್ನಿಂದಾಗಿ ಅದನ್ನೇ ನೋಡಬೇಕಾಯ್ತಲ್ಲ. ನನ್ನ ಈ ಹಾಳು ಎದೆಗಾಗಿ."

"ನಿಮ್ಮಿಂದಲ್ಲ. ಒಂದೇ ಬ್ಯಾಟರಿ ಕೊಟ್ಟವರಿಂದ. ದೇಶ ಚಂದ್ರನ ಮೇಲೆ ಇಳಿಯುತ್ತೆ, ನಮಗೆ ಎರಡನೇ ಬ್ಯಾಟರಿಗೆ ಗತಿ ಇಲ್ಲ," ಎಂದು ನಾನು ಶುರುಮಾಡಿದೆ. ಅವರು ಮಧ್ಯದಲ್ಲೇ ಕೈ ಎತ್ತಿದರು. ಏನೋ ಹೊಳೆದ ಹಾಗೆ ಎದ್ದು, ಪೆಟ್ಟಿಗೆ ತೆಗೆದು, ಬ್ಯಾಟರಿಯ ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದರು. ಎಸ್ಟೇಟಿನ ಬಂಗಲೆಯ ಬ್ಯಾಟರಿಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದವರು.

"ಇದು ಯಾವ ನೀರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಲೀಲಕ್ಕ ಹೇಳಿದಳು. "ಮಳೆ ನೀರು. ಸಿಸ್ಟರೇ ಪಾತ್ರೆ ಇಟ್ಟು ಹಿಡಿದದ್ದು. ಒಂದು ಚೂರು ಕಸ ಬೀಳದ ಹಾಗೆ ಹಿಡಿದದ್ದು!"

"ಎಲ್ಲಿ ಹಿಡಿದದ್ದು?"

"ಸೂರಿನ ಕೆಳಗೆ."

ಅವರು ಮೆಲ್ಲಗೆ ತಲೆಯಾಡಿಸಿದರು. ಶೀಟಿನ ತುಕ್ಕು, ಪಾಚಿ, ಹಕ್ಕಿಯ ಹಿಕ್ಕೆ, ಎಲ್ಲ ತೊಳೆದುಕೊಂಡು ಬಂದ ನೀರು ಬ್ಯಾಟರಿಗೆ ವಿಷವಂತೆ. ಒಂದು ತಿಂಗಳಲ್ಲಿ ಒಳಗಿನ ಸೀಸದ ಪ್ಲೇಟುಗಳನ್ನು ತಿಂದುಬಿಡುತ್ತದಂತೆ. ಮೇಲೆ ನೋಡಿದರೆ ಫುಲ್ ಚಾರ್ಜ್ ತೋರಿಸುತ್ತದೆ, ಕೆಲಸ ಕೊಟ್ಟರೆ ಕುಸಿಯುತ್ತದೆ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಸರ್ಕಾರಕ್ಕೆ ಬೈದದ್ದೇ ಬೈದದ್ದು ಸಿಸ್ಟರ್," ಎಂದರು. ಕೋಪದಿಂದಲ್ಲ, ಸುಸ್ತಾಗಿ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಒಬ್ಬ ಮನುಷ್ಯನ ಜೀವ ಬರೀ ಹನ್ನೆರಡು ನಿಮಿಷವನ್ನು ನೆಚ್ಚಿಕೊಳ್ಳಬೇಕಾದದ್ದು, ಮೂವತ್ತೆರಡು ಮಕ್ಕಳಿಗೆ ಕತ್ತಲೆ ಕವಿದದ್ದು ನನ್ನ ಕೈಯ ಪಾತ್ರೆಯಿಂದ. ನನ್ನ ಜಾಣತನದಿಂದ.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮರುದಿನ ಬಂದಾಗ ಹೇಳಿದೆ. "ಯಾಕೆ ಮೇಡಂ ತಲೆ ಕೆಡಿಸ್ಕೊಳ್ತೀರಾ? ಬ್ಯಾಟರಿ ಹಳೇದಾಗಿ ಕೆಟ್ಟಿತು ಅಂತ ಬರೆದುಬಿಡಿ," ಎಂದರು. ಹಾಗೆಯೇ ಬರೆಯಲು ಕೂತೆ. ಬೆಳ್ಯಪ್ಪನವರು ಮಾಸ್ಕ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ನನ್ನ ಹಾಳೆಯ ಮೇಲೆ ಕಣ್ಣಾಡಿಸಿ, ಮಾಸ್ಕ್ ಕೆಳಗೆ ಎಳೆದರು.

"ಹೋದ ಸಲ ಅವರ ನೌಕೆ ಬಿತ್ತಲ್ಲ, ಅವರೆಂತ ಬರೆದರು? ಹಳೇದಾಗಿತ್ತು ಅಂತ ಬರೆದ್ರಾ? ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಹುಡುಕಿ ಬರೆದರು. ಅದಕ್ಕೇ ಈ ಸಲ ಇಳೀತು. ನಾನು ಮೂವತ್ತೈದು ವರ್ಷ ಹಾಜರಿಯ ಮಸ್ಟರ್ ಬರೆದವ ಸಿಸ್ಟರ್. ಪುಸ್ತಕದಲ್ಲಿ ಬರೀದಿದ್ದರೆ ಆ ದಿನ ಆ ಆಳು ತೋಟಕ್ಕೆ ಬಂದೇ ಇಲ್ಲ. ಹಾಗೇ ನಿಮಗೆ ಕ್ಯಾನ್ ಸಿಕ್ಕಲಿಲ್ಲ ಅಂತ ಎಲ್ಲಾದರೂ ಬರೆದದ್ದುಂಟಾ?"

ಇರಲಿಲ್ಲ. ಫೋನಿನಲ್ಲಿ ಕೇಳಿದ್ದೆ, ಫೋನಿನಲ್ಲಿ ಇಲ್ಲ ಎಂದಿದ್ದರು, ನಾನು ಅಡ್ಜಸ್ಟ್ ಮಾಡಿಕೊಂಡಿದ್ದೆ. ಎರಡನೇ ಬ್ಯಾಟರಿಯ ಅರ್ಜಿ ಒಂದನ್ನು ಬಿಟ್ಟರೆ, ಪುಸ್ತಕದ ಪ್ರಕಾರ ನಮ್ಮ ಆಸ್ಪತ್ರೆಗೆ ಏನೂ ಕೊರತೆ ಇರಲಿಲ್ಲ. ಕುದಿಸಿದ ಹಳೇ ಸೀರೆ, ಫೋನಿನ ಡಾಕ್ಟರು, ಸೂರಿನ ನೀರು, ಯಾವುದೂ ಎಲ್ಲೂ ದಾಖಲಾಗಿರಲಿಲ್ಲ. ಮೇಲೆ ಕೂತವರಿಗೆ ನಾನೇ ಇಪ್ಪತ್ತು ವರ್ಷ ಎಲ್ಲ ಸರಿಯಿದೆ ಎಂದು ಹೇಳುತ್ತ ಬಂದಿದ್ದೆ. ಚಂದ್ರನ ಕಡೆ ಹೊರಟವರಿಗೆ ಇಂಧನ ಕಮ್ಮಿ ಇದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಯಾರಾದರೂ ಹೇಳುತ್ತಾರೆಯೇ? ಹೇಳಿದರೆ ಅವರು ಕೇಳುತ್ತಾರೆಯೇ? ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಹಣದ್ದು ಎಂದೇ ನಾನು ತಿಳಿದಿದ್ದೆ. ಹಣದ್ದೂ ಹೌದು, ಅದನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಜ್ವರ ಬಂದ ಕೂಲಿಯವಳನ್ನು ಕಡೆಯ ಸಾಲಿನಲ್ಲಿ ನಿಲ್ಲಿಸುವ ಲೆಕ್ಕ ಯಾವ ದೇಶಕ್ಕೂ ಮರ್ಯಾದೆಯಲ್ಲ. ಆದರೆ ಅಲ್ಲಿ ಇಲ್ಲದ್ದನ್ನು ಇಲ್ಲ ಎಂದು ಬರೆಯುತ್ತಾರೆ. ಇಲ್ಲಿ ಬರೆಯುವುದಿಲ್ಲ. ಬ್ಯಾಟರಿಯನ್ನೋ ಚಂದ್ರನನ್ನೋ ಎಂದು ನಾವು ನಾವೇ ಕಿತ್ತಾಡುತ್ತ ಕೂರುವುದು ಅದರಿಂದಲೇ.

ಹಾಳೆ ಹರಿದು ಹೊಸದಾಗಿ ಬರೆದೆ. ಕ್ಯಾನ್ ಕೇಳಿದ್ದು, ಸಿಗದೇ ಇದ್ದದ್ದು, ಸೂರಿನ ನೀರನ್ನು ನಾನೇ ಹಾಕಿದ್ದು, ಅದರಿಂದ ರೋಗಿಯ ಜೀವಕ್ಕೆ ಅಪಾಯವಾದದ್ದು, ಎಲ್ಲ. ಬೆಳ್ಯಪ್ಪನವರು ಎರಡು ಕಡೆ ಅಕ್ಷರ ತಿದ್ದಿದರು. ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬ ಮುಗಿದ ಮರುವಾರ ನನಗೆ ಮೆಮೊ ಬಂತು, ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ್ದಕ್ಕೆ ಕಾರಣ ಕೇಳಿ. ಓದಿ ಎರಡು ದಿನ ಊಟ ಸೇರಲಿಲ್ಲ. ಕಾಫಿ ಹಣ್ಣು ಕೀಳುವ ಹೊತ್ತಿಗೆ ಎರಡು ಹೊಸ ಬ್ಯಾಟರಿ ಬಂದವು. ಮೂರು ಸಲ ಬರೆದ ಅರ್ಜಿಗೆ ಬರದದ್ದು ಒಂದು ತಪ್ಪೊಪ್ಪಿಗೆಗೆ ಬಂತು! ರೋಗಿಯ ಜೀವಕ್ಕೆ ಅಪಾಯ ಎಂದು ಕಾಗದದ ಮೇಲೆ ಬಂದ ಮೇಲೆ ಅದನ್ನು ಫೈಲಿನಲ್ಲಿ ಇಟ್ಟುಕೊಂಡು ಕೂರಲು ಯಾರಿಗೂ ಧೈರ್ಯವಾಗಿರಲಿಕ್ಕಿಲ್ಲ. ಬೆಳ್ಯಪ್ಪನವರು ಮನೆಯಿಂದ ಬಿಳಿ ಪೇಂಟ್ ತಂದು ಪೆಟ್ಟಿಗೆಯ ಮುಚ್ಚಳದ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ ಏನೋ ಬರೆದರು. ಅಂದಿನಿಂದ ಪೇಪರೂ ವಾದವೂ ಮತ್ತೆ ಶುರುವಾದವು.

ಮರುವರ್ಷ ನನಗೆ ವರ್ಗವಾಯಿತು. ಹೋದ ವರ್ಷ ಕಕ್ಕಡದ ಮಳೆಯಲ್ಲಿ ಬೆಳ್ಯಪ್ಪನವರು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಕರೆಂಟು ಇರಲಿಲ್ಲವಂತೆ. ಯಂತ್ರ ಎರಡೂ ಕೊನೆಯವರೆಗೆ ಓಡುತ್ತಿದ್ದವಂತೆ. ಮುಗಿದದ್ದು ಅವರ ಆಯಸ್ಸು, ಬ್ಯಾಟರಿಯಲ್ಲ. ದೇವಕಿಯಮ್ಮ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಅತ್ತೆ, ಆದರೆ ಎದೆ ಚುಚ್ಚಲಿಲ್ಲ. ಮಾಡಬೇಕಾದ್ದೆಲ್ಲ ಮಾಡಿದ ಮೇಲೆ ಬರುವ ಸಾವು ಬೇರೆ.

ಈ ಜೂನ್‌ನಲ್ಲಿ ಹೋದಾಗ ಅಲ್ಲಿದ್ದದ್ದು ಕಾವ್ಯ ಎನ್ನುವ ಹೊಸ ಸಿಸ್ಟರ್. ಕೆಲಸಕ್ಕೆ ಸೇರಿ ಒಂದು ವರ್ಷವಾಗಿಲ್ಲ, ಚುರುಕಾದ ಹುಡುಗಿ. ಬ್ಯಾಟರಿಯ ಪೆಟ್ಟಿಗೆ ಇನ್ನೂ ಅದೇ ಮೂಲೆಯಲ್ಲಿತ್ತು. ಪೇಂಟ್ ಸ್ವಲ್ಪ ಉದುರಿದೆ, ಅಕ್ಷರ ಓದಲು ಬರುತ್ತದೆ. 'ಇದಕ್ಕೆ ಮಳೆನೀರು ಹಾಕಬಾರದು. ಅಡ್ಜಸ್ಟ್ ಮಾಡಬಾರದು.' ನಾನು ಅದರ ಮೇಲೆ ಕೈಯಾಡಿಸಿದೆ. ಆಗ ಹೊರಗಿನ ಟಪಟಪ ಮತ್ತೆ ಕಿವಿಗೆ ಬಿತ್ತು.

"ಕಾವ್ಯ, ಸೂರಿನ ಕೆಳಗೆ ಆ ಪಾತ್ರೆ ಯಾಕೆ?"

ಅವಳ ಮುಖ ಕೆಂಪಾಯಿತು. "ಬೋರ್ಡ್ ನೋಡಿದೀನಿ ಮೇಡಂ. ಆದ್ರೆ ಕ್ಯಾನ್ ಮುಗಿದು ಎರಡು ತಿಂಗಳಾಯ್ತು. ಫೋನ್ ಮಾಡಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂತಾರೆ. ಬಟ್ಟೆಯಲ್ಲಿ ಸೋಸಿ ಹಾಕೋಣ ಅಂತ."

ಜೀಪು ಹುದಿಕೇರಿಗೆ ಹೋಗಿ ಬರಲು ಎಷ್ಟು ಹೊತ್ತು? ಒಂದು ಕ್ಯಾನ್ ನಾನೇ ಕೊಂಡು ಕೊಟ್ಟರೆ ಮುಗಿಯಿತು ಎಂದು ಬಾಯಿ ತುದಿಗೆ ಬಂತು. ಅದೂ ಅಡ್ಜಸ್ಟ್ ಮಾಡಿದ ಹಾಗೆಯೇ ಎಂದು ನುಂಗಿಕೊಂಡೆ. ಹೊರಗೆ ಹೋಗಿ ಪಾತ್ರೆಯನ್ನು ಅಂಗಳಕ್ಕೆ ಕವುಚಿ, ಒಳಗೆ ತಂದು ಮೇಜಿನ ಮೇಲಿಟ್ಟು, ಅದರ ಪಕ್ಕ ಒಂದು ಬಿಳಿ ಹಾಳೆ ಇಟ್ಟೆ.

"ಬರಿ," ಅಂದೆ.

"ಏನಂತ ಮೇಡಂ?"

"ಇಲ್ಲ ಅಂತ. ಇವತ್ತಿನ ತಾರೀಕು ಹಾಕು. ಬ್ಯಾಟರಿಗೆ ಹಾಕೋ ನೀರಿಲ್ಲ, ಅದು ಕೈಕೊಟ್ಟರೆ ಉಸಿರಿಗೆ ಬಂದ ಪೇಷಂಟ್ ಸಾಯ್ತಾನೆ ಅಂತ ಬರಿ. ಸಂಜೆಯೊಳಗೆ ಡಾಕ್ಟರ ಸಹಿ ಹಾಕಿಸಿ ಕಳಿಸು."

ಅವಳು ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಮೆಮೊ ಬಂದ್ರೆ?"

"ಬರುತ್ತೆ. ನನಗೂ ಬಂದಿತ್ತು. ಅದರ ಹಿಂದೆಯೇ ಈ ಬ್ಯಾಟರೀನೂ ಬಂತು."

ಮೊದಲ ಸಾಲು ನಾನು ಹೇಳಿಕೊಟ್ಟೆ. ಎರಡನೆಯದನ್ನು ಅವಳೇ ಬರೆದಳು.